ಹೊಲದಲ್ಲಿ ಎದ್ದ ತುಂಡು ಹಳೇ ಪಿಸ್ತೂಲಿನದೇ? ನೋಡಿ ತಿಳಿಯುವ ಬಗೆ

ಬೈಲಹೊಂಗಲ ಸೀಮೆಯ ಹೊಲದಲ್ಲಿ ಹಸಿರುಗಟ್ಟಿದ ಹಿತ್ತಾಳೆ ಚೂರು ಎದ್ದರೆ ಸಾಕು, ಸಂಜೆಯೊಳಗೆ ಅದು ಸಂಗೊಳ್ಳಿ ರಾಯಣ್ಣನ ಪಿಸ್ತೂಲಿನದು ಎಂದು ಊರು ತೀರ್ಮಾನ ಮಾಡಿರುತ್ತದೆ. ನನ್ನ ಹತ್ತಿರ ಬರುವ ಹೊತ್ತಿಗೆ ಆ ಚೂರಿಗೆ ಹೆಸರು ಬಂದಿರುತ್ತದೆ, ಕಥೆ ಬಂದಿರುತ್ತದೆ, ಒಮ್ಮೊಮ್ಮೆ ಬೆಲೆಯೂ ಬಂದಿರುತ್ತದೆ. ಅದನ್ನು ಹೊರಳಿಸಿ ಹಿಂಬದಿ ನೋಡಿದವರು ಮಾತ್ರ ಇರುವುದಿಲ್ಲ.

ಸೈನ್ಯದಲ್ಲಿ ನನ್ನದು ಆರ್ಮರರ್ ಕೆಲಸ. ಬಂದೂಕು ಬಿಚ್ಚುವುದು, ಸವೆದ ಭಾಗ ಗುರುತಿಸುವುದು, ಬದಲಿಸಿ ಜೋಡಿಸುವುದು. ನಿವೃತ್ತನಾಗಿ ಊರಿಗೆ ಬಂದ ಮೇಲೆ ಮೆಟಲ್ ಡಿಟೆಕ್ಟರ್ ಕೊಂಡದ್ದು ಇತಿಹಾಸ ಹುಡುಕಲಿಕ್ಕಲ್ಲ. ಕಬ್ಬಿನ ಗದ್ದೆಯಲ್ಲಿ ಮುರಿದುಬಿದ್ದ ರೋಟಾವೇಟರ್ ಬ್ಲೇಡು, ಕಳೆ ತೆಗೆಯುವಾಗ ಕಳಚಿಹೋದ ಬೆಂಡೋಲೆ, ಮಣ್ಣು ಮುಚ್ಚಿದ ಪೈಪ್‌ಲೈನಿನ ವಾಲ್ವು, ಇಂಥವಕ್ಕೆ. ನಡುನಡುವೆ ಏಳುವ ಹಳೇ ತುಂಡುಗಳು ತಾವಾಗಿ ನನ್ನ ಮೇಜಿಗೆ ಬಂದು ಸೇರುತ್ತವೆ. ತಂದವರ ಮೊದಲ ಪ್ರಶ್ನೆ "ಯಾರದ್ರೀ ಇದು?", ಎರಡನೆಯದು "ಎಷ್ಟಕ್ಕ ಹೋಗತೈತಿ?" ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ನಾನು ನೋಡುವುದು ಇಷ್ಟು: ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ, ಯಾವ ಮೈ ಹೊರಗೆ ಕಾಣುತ್ತಿತ್ತು, ಯಾವ ಮೈ ಕಟ್ಟಿಗೆಯೊಳಗೆ ಅಡಗಿತ್ತು, ಇದನ್ನು ಹಿಡಿದಿಟ್ಟಿದ್ದು ಸ್ಕ್ರೂವೋ ಪಿನ್ನೋ. ತುಂಡು ಏನು ಕೆಲಸ ಮಾಡುತ್ತಿತ್ತು ಎಂದು ಗೊತ್ತಾದ ಮೇಲೆ ಹೆಸರು ಹುಡುಕುವುದು ಸಲೀಸು.

ಯಂತ್ರ ಎತ್ತಿಕೊಳ್ಳುವ ಮೊದಲು

ಬೆಳಗಾವಿ ಕೋಟೆ, ಕಿತ್ತೂರು ಕೋಟೆ, ಬಾದಾಮಿ, ಐಹೊಳೆ, ವಿಜಯಪುರದ ಕೋಟೆಗೋಡೆಯ ಆಸುಪಾಸು, ಎಲ್ಲಿಯೂ ಡಿಟೆಕ್ಟರ್ ಹಿಡಿದು ಕಾಲಿಡಬೇಡಿ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಸಲಿಕೆ ಹಿಡಿದು ನಿಂತವನನ್ನು ಯಾರೂ ಹವ್ಯಾಸಿ ಎನ್ನುವುದಿಲ್ಲ, ನಿಧಿಗಳ್ಳ ಎನ್ನುತ್ತಾರೆ. ಸ್ವಂತ ಹೊಲ, ಇಲ್ಲವೆ ಹೊಲದ ಒಡೆಯ ಒಪ್ಪಿದ ಜಾಗ, ಅಷ್ಟೇ ನಿಮ್ಮ ಸೀಮೆ.

ತುಂಡು ಕಂಡಲ್ಲಿ, ಎತ್ತುವ ಮೊದಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಫೋನಿನಲ್ಲಿ ಲೊಕೇಶನ್ ಉಳಿಸಿ. ಯಾವ ಬದುವಿನಿಂದ ಎಷ್ಟು ಹೆಜ್ಜೆ ಎಂದು ಬರೆದಿಡಿ. ಆಮೇಲೆ ಸುತ್ತ ನಾಲ್ಕೈದು ಮೀಟರ್ ನಿಧಾನಕ್ಕೆ ಯಂತ್ರ ಆಡಿಸಿ. ಪಿಸ್ತೂಲಿನ ಕಟ್ಟಿಗೆ ಗೆದ್ದಲಿಗೋ ಮಣ್ಣಿಗೋ ಹೋಗಿರುತ್ತದೆ, ಲೋಹದ ಭಾಗಗಳನ್ನು ರಂಟಿ, ಕುಂಟಿ ಎಳೆದು ಚೆಲ್ಲಿರುತ್ತವೆ. ಒಂದು ತುಂಡಿಗಿಂತ ತುಂಡು ಮತ್ತು ಅದರ ಸ್ಕ್ರೂ ಎರಡೂ ಸಿಕ್ಕರೆ ಹೆಚ್ಚು ಹೇಳಬಹುದು.

ಎರೆ ಹೊಲದಲ್ಲಿ ಆಳ ನೋಡಿ ವಯಸ್ಸು ಹೇಳುವ ಚಪಲ ಬಿಡಿ. ಬೇಸಿಗೆಯಲ್ಲಿ ಎರೆ ಬಿರಿದಾಗ ಬಿರುಕು ಕೈ ಹೋಗುವಷ್ಟು ಅಗಲವಾಗುತ್ತದೆ. ನಿನ್ನೆ ಬಿದ್ದ ನಟ್ಟು ಇವತ್ತು ಎರಡು ಗೇಣು ಕೆಳಗೆ ಹೋಗಬಹುದು. ಕಪ್ಪುಗಲ್ಲಿನಿಂದ ಬಂದ ಈ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಯಂತ್ರವನ್ನು ಆ ಮಣ್ಣಿಗೆ ಹೊಂದಿಸುವುದು, ಮಾಡಿಕೊಳ್ಳದೆ ಕೆಲಸವಿಲ್ಲ. ಬಾದಾಮಿ ಕಡೆಯ ಮರಳುಗಲ್ಲಿನ ಕೆಂಪು ಮಸಾರಿಯಲ್ಲಿ ಈ ಕಾಟ ಕಡಿಮೆ.

ಸಿಕ್ಕದ್ದು ನಳಿಗೆಯೇ ಆಗಿದ್ದರೆ, ಅಂದರೆ ಒಂದು ತುದಿ ಮುಚ್ಚಿದ ಕಬ್ಬಿಣದ ಕೊಳವೆ, ಅದರೊಳಗೆ ಕಡ್ಡಿ ಹಾಕಿ ಕೆದಕಬೇಡಿ, ಬಿಸಿ ಮಾಡಬೇಡಿ, ಬೈಸ್‌ಗೆ ಕಟ್ಟಿ ಡ್ರಿಲ್ ಹಾಕಬೇಡಿ. ತುಂಬಿಟ್ಟ ಕರಿಮದ್ದು ಒಣಗಿದ ಮೇಲೆ ಮತ್ತೆ ಹತ್ತಿಕೊಳ್ಳಬಲ್ಲದು, ನೂರು ವರ್ಷ ಕಳೆದರೂ. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಇಟ್ಟು ಪೊಲೀಸರಿಗೆ ಹೇಳಿ. ಶೆಲ್ಲು, ಗ್ರೆನೇಡು ಎಂಬ ಅನುಮಾನ ಬಂದರೆ ಮುಟ್ಟುವ ಮಾತೇ ಇಲ್ಲ, 112ಕ್ಕೆ ಕರೆ ಮಾಡಿ.

ತಿಕ್ಕಬೇಡಿ

ಹಿತ್ತಾಳೆ ಅಂದಕೂಡಲೇ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ತಂಬಿಗೆಗೆ ಅದು ಸರಿ. ಹೊಲದ ತುಂಡಿಗೆ ಮಾಡಿದರೆ ಅದರ ಮೇಲಿನ ಅರೆ ಮಿಲಿಮೀಟರಿನಷ್ಟೂ ಆಳವಿಲ್ಲದ ಮುದ್ರೆ ಹಸಿರಿನ ಜೊತೆಗೇ ಹೋಗುತ್ತದೆ. ಲಿಂಬೆ, ವಿನೆಗರ್, ತಂತಿ ಬ್ರಷ್, ಗ್ರೈಂಡರ್ ಯಾವುದೂ ಬೇಡ. ಮಣ್ಣು ಒಣಗಲು ಬಿಡಿ, ಹಳೇ ಟೂತ್‌ಬ್ರಷ್‌ನಿಂದ ಉದುರಿಸಿ, ಸಂದಿಗಳಿಗೆ ಬಿದಿರಿನ ಕಡ್ಡಿ ಸಾಕು. ಹಿತ್ತಾಳೆಗೆ ಬೇಕೇ ಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಕಬ್ಬಿಣಕ್ಕೆ ಅದೂ ಬೇಡ. ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಂದೆರಡು ವಾರದಲ್ಲಿ ಮೈಮೇಲೆ ಕಿತ್ತಳೆ ಬಣ್ಣದ ಹನಿ ಒಸರಿದರೆ ಒಳಗೆ ಉಪ್ಪು ಕೂತಿದೆ ಎಂದರ್ಥ. ಅದಕ್ಕೆ ಸಂಗ್ರಹಾಲಯದ ಪ್ರಯೋಗಾಲಯದ ಕೈಯೇ ಬೇಕು.

ಇನ್ನು ಲೋಹ. ಹಳೇ ಸ್ಪೀಕರಿನ ಆಯಸ್ಕಾಂತ ಹಿಡಿದರೆ ಕಬ್ಬಿಣ ತಾನೇ ಹೇಳಿಕೊಳ್ಳುತ್ತದೆ. ಅಂಟದಿದ್ದರೆ ತೂಕದ ಪರೀಕ್ಷೆ ಮಾಡಿ. ಅಕ್ಕಸಾಲಿಗರ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತುಂಡನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತುಂಡಿಗೆ ದಾರ ಕಟ್ಟಿ, ತಳವಾಗಲಿ ಅಂಚಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ಕಾಣುವ ಗ್ರಾಂ ಸಂಖ್ಯೆಯೇ ತುಂಡಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಅದರಿಂದ ಭಾಗಿಸಿ. ಉದಾಹರಣೆಗೆ 43 ಗ್ರಾಂ ತೂಗುವ ತುಂಡು ನೀರಿನಲ್ಲಿ 5.1 ತೋರಿಸಿದರೆ ಉತ್ತರ 8.4, ಅದು ಹಿತ್ತಾಳೆ. ಸೀಸವಾದರೆ 11ರ ಮೇಲೆ, ಅಲ್ಯೂಮಿನಿಯಂ 2.7ರ ಹತ್ತಿರ. 6.6ರ ಸುಮಾರು ಬಂದರೆ ಸತುವಿನ ಎರಕ. ಅಂದರೆ ನಿಮ್ಮ ಕೈಯಲ್ಲಿರುವುದು ಬಹುತೇಕ ದೀಪಾವಳಿಯ ರೀಲು ಪಟಾಕಿ ಹೊಡೆಯುವ ಆಟಿಕೆ ಪಿಸ್ತೂಲು. ನಗಬೇಡಿ, ನನ್ನ ಮೇಜಿಗೆ ಬರುವ "ಪಿಸ್ತೂಲು"ಗಳಲ್ಲಿ ಇವೇ ಜಾಸ್ತಿ. ಮಣ್ಣಲ್ಲಿ ಕೂತು ಬೂದುಬಣ್ಣ ತಿರುಗಿದ ಮೇಲೆ ಸೊಗಸಾಗಿ ಪುರಾತನ ಕಾಣುತ್ತವೆ.

ಕುದುರೆ: ಚೌಕ ತೂತು ನೋಡಿ

ಚಕಮಕಿ ಪಿಸ್ತೂಲು ಕೆಲಸ ಮಾಡುವ ಬಗೆ ತಿಳಿದಿದ್ದರೆ ತುಂಡು ಗುರುತಿಸುವುದು ಅರ್ಧ ಮುಗಿದಂತೆ. ಕುದುರೆ ಎಂದರೆ ಇಲ್ಲಿ ಸುತ್ತಿಗೆಯಂತೆ ಬಡಿಯುವ ಭಾಗ, ಅದರ ಎರಡು ದವಡೆಗಳ ನಡುವೆ ಚಕಮಕಿ ಕಲ್ಲು ಬಿಗಿದಿರುತ್ತದೆ. ಬಿಲ್ಲು, ಅಂದರೆ ಟ್ರಿಗರ್, ಎಳೆದಾಗ ಒಳಗಿನ ದೊಡ್ಡ ಸ್ಪ್ರಿಂಗು ಕುದುರೆಯನ್ನು ಮುಂದಕ್ಕೆ ಎಸೆಯುತ್ತದೆ. ಕಲ್ಲು ಎದುರಿಗಿನ ಉಕ್ಕಿನ ಹಲಗೆಯನ್ನು ಗೀರಿ ಕಿಡಿ ಉದುರಿಸುತ್ತದೆ, ಅದೇ ಏಟಿಗೆ ಹಲಗೆ ಮುಂದಕ್ಕೆ ಮಗುಚಿ ಅದರ ಕೆಳಗಿನ ಮದ್ದಿನ ಬಟ್ಟಲು ತೆರೆದುಕೊಳ್ಳುತ್ತದೆ. ಕಿಡಿ ಬಟ್ಟಲಿಗೆ ಬಿದ್ದು, ಅಲ್ಲಿಂದ ಕಿರುತೂತಿನ ಮೂಲಕ ನಳಿಗೆಯೊಳಗೆ ಬೆಂಕಿ ಹೋಗುತ್ತದೆ.

ಈಗ ಕುದುರೆಯ ಬುಡ ನೋಡಿ. ಅಲ್ಲಿರುವ ತೂತು ಚೌಕ. ಯಾಕೆಂದರೆ ಕುದುರೆ ತಾನೊಂದೇ ತಿರುಗುವುದಿಲ್ಲ, ಒಳಗೆ ಸ್ಪ್ರಿಂಗು ತಳ್ಳುವ ಟಂಬ್ಲರ್ ಎಂಬ ತುಂಡನ್ನೂ ತನ್ನ ಜೊತೆ ತಿರುಗಿಸಬೇಕು. ಟಂಬ್ಲರಿನ ಚೌಕ ಮೊಳೆ ಆ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ದುಂಡು ತೂತಿದ್ದರೆ ಆ ತುಂಡು ಒಂದು ಮೊಳೆಯ ಮೇಲೆ ಸಡಿಲವಾಗಿ ಆಡುತ್ತಿತ್ತು ಎಂದರ್ಥ: ಅಡಕೊತ್ತಿನ ಕಾಲು, ಕತ್ತರಿಯ ಅರ್ಧ, ಬಾಗಿಲ ಚಿಲಕ. ತುಕ್ಕು ಕಟ್ಟಿದ ಅಡಕೊತ್ತಿನ ಕಾಲು ಎಷ್ಟು ಚೆನ್ನಾಗಿ ಕುದುರೆಯ ವೇಷ ಹಾಕುತ್ತದೆಂದರೆ ಮೊದಲ ನೋಟಕ್ಕೆ ನಾನೂ ತೂತನ್ನೇ ಹುಡುಕುತ್ತೇನೆ, ಮುಖವನ್ನಲ್ಲ.

ಬುಡ ಚೌಕ ಎಂದು ಖಾತ್ರಿಯಾದ ಮೇಲೆ ತಲೆಗೆ ಬನ್ನಿ. ತಲೆಯಲ್ಲಿ ಚಪ್ಪಟೆ ದವಡೆ, ಅದರಲ್ಲಿ ಸ್ಕ್ರೂ ಕೂರುವ ಮರೆ (ಥ್ರೆಡ್) ಇರುವ ತೂತು, ಹಿಂದೆ ನೆಟ್ಟಗೆ ಮೇಲೆದ್ದ ಒಂದು ಕಡ್ಡಿ ಇದ್ದರೆ ಅದು ಚಕಮಕಿಯ ಕುದುರೆ. ಮೇಲಿನ ದವಡೆ ಬೇರೆಯೇ ತುಂಡು, ನಡುವೆ ತೂತು, ಹಿಂಬದಿಯಲ್ಲಿ ಕಚ್ಚು. ಅದು ಒಂಟಿಯಾಗಿ ಸಿಕ್ಕರೆ ಯಾರೂ ಗುರುತಿಸುವುದಿಲ್ಲ, ವಾಷರ್ ಎಂದು ಎಸೆಯುತ್ತಾರೆ. ತಲೆಯಲ್ಲಿ ದವಡೆಯಿಲ್ಲದೆ ಮೂತಿ ಕೆಳಗೆ ಬಾಗಿ, ಮೂತಿಯ ತುದಿಯಲ್ಲಿ ಕಡಲೆಕಾಳು ಹಿಡಿಯುವಷ್ಟು ಕುಳಿ ಇದ್ದರೆ ಅದು ಕ್ಯಾಪ್, ಅಂದರೆ ಬಡಿದರೆ ಸಿಡಿಯುವ ಚಿಕ್ಕ ಟೊಪ್ಪಿಗೆ, ಹೊಡೆಯುವ ಕಾಲದ್ದು. ಆ ಕುಳಿ ತಾಮ್ರದ ಕ್ಯಾಪನ್ನು ಮುಚ್ಚಿ ಹೊಡೆಯಲಿಕ್ಕೆ, ಸಿಡಿದ ಚೂರು ಕಣ್ಣಿಗೆ ಹಾರದಿರಲಿಕ್ಕೆ.

ಊರಿನ ಕಥೆಗಳನ್ನು ಒರೆಗೆ ಹಚ್ಚಲು ಈ ಕುಳಿ ಬಲು ಉಪಯೋಗಿ. ಕಿತ್ತೂರಿನಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಕಾಳಗ 1824ರ ಅಕ್ಟೋಬರಿನದು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಕಂಪನಿಯ ಸೈನ್ಯಕ್ಕೆ ಕ್ಯಾಪ್ ಬಂದೂಕು ಬಂದದ್ದು 1840ರ ದಶಕದಲ್ಲಿ. ಆದ್ದರಿಂದ ಕುಳಿಮೂತಿಯ ಕುದುರೆಯನ್ನು ಆ ಕಾಳಗಕ್ಕೆ ಕಟ್ಟುವುದು ಕಷ್ಟ. ಹಲಗಲಿಯ ಬೇಡರು ಆಯುಧ ಒಪ್ಪಿಸುವ ಕಾನೂನಿಗೆ ಎದುರು ನಿಂತ 1857ಕ್ಕಾದರೆ ಕಾಲ ಹೊಂದುತ್ತದೆ. ಹೊಂದುತ್ತದೆ ಎಂದಷ್ಟೇ, ಅಲ್ಲಿಯದೇ ಎಂದಲ್ಲ. ಇದು ತಿರುಗುಮುರುಗಾಗಿ ನಡೆಯುವ ಲೆಕ್ಕವೂ ಅಲ್ಲ. ಚಕಮಕಿಯ ಕುದುರೆ ಸಿಕ್ಕರೆ 1840ಕ್ಕಿಂತ ಹಿಂದಿನದು ಎನ್ನಲಾಗದು, ಯಾಕೆಂದರೆ ಸೈನ್ಯ ಕೈಬಿಟ್ಟ ಮಾಲು ವಾಡೆಗಳಲ್ಲಿ, ಬೇಟೆಗಾರರ ಮನೆಗಳಲ್ಲಿ ಬಹುಕಾಲ ಬಾಳಿದೆ. ತುಂಡು ಹೇಳುವುದು "ಇದಕ್ಕಿಂತ ಮೊದಲಿನದಲ್ಲ" ಎಂಬುದನ್ನು ಮಾತ್ರ.

ಗಾತ್ರದ ಮಾತು. ಸೈನ್ಯದ ಪಿಸ್ತೂಲಿನ ಲಾಕ್ ಪ್ಲೇಟು, ಅಂದರೆ ಈ ಯಂತ್ರವೆಲ್ಲ ಕೂರುವ ಕಬ್ಬಿಣದ ಪಟ್ಟಿ, ಸುಮಾರು 13 ಸೆಂ.ಮೀ. ಉದ್ದ. ಉದ್ದ ಬಂದೂಕಿನದು 16ರಿಂದ 18 ಸೆಂ.ಮೀ. ಆದರೆ ಕುದುರೆ ಸವಾರರ ಕಿರುಬಂದೂಕು, ಕಾರ್ಬೈನ್, ಪಿಸ್ತೂಲಿಗೆ ಹತ್ತಿರದ ಅಳತೆಯದು, ನಳಿಗೆಯ ಒಳವ್ಯಾಸವೂ ಅದೇ 16.5 ಮಿ.ಮೀ. ಹೀಗಾಗಿ ಕುದುರೆಯೊಂದನ್ನೇ ಹಿಡಿದು ಪಿಸ್ತೂಲೇ ಎಂದು ಆಣೆ ಮಾಡಬೇಡಿ. ಪಕ್ಕದಲ್ಲಿ ಸೀಸದ ಗುಂಡು ಸಿಕ್ಕರೆ ಅಳೆಯಿರಿ. 15.5ರಿಂದ 16 ಮಿ.ಮೀ., 22ರಿಂದ 24 ಗ್ರಾಂ ಇದ್ದರೆ ಪಿಸ್ತೂಲು ಅಥವಾ ಕಾರ್ಬೈನ್. 17.5 ಮಿ.ಮೀ., 32 ಗ್ರಾಂ ಆಸುಪಾಸಾದರೆ ಮಸ್ಕೆಟ್ಟು, ಅಂದರೆ ಸೈನ್ಯದ ಉದ್ದ ಬಂದೂಕು.

ಬತ್ತಿ ಹಚ್ಚುವ ಕಾಲದ ಭಾಗ ಸಿಕ್ಕರೆ ಅದು ಉದ್ದ ಬಂದೂಕಿನದೇ ಎಂದು ಹಿಡಿಯಿರಿ. ವಿಜಯಪುರದ ದೊಡ್ಡ ತೋಪು ಮಲಿಕ್-ಎ-ಮೈದಾನ್ ಎರಕ ಹೊಯ್ದದ್ದೇ 1549ರಲ್ಲಿ, ಸಿಡಿಮದ್ದು ನಮ್ಮ ಸೀಮೆಗೆ ಹೊಸದಲ್ಲ. ಆದರೆ ಉರಿಯುವ ಬತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುದುರೆ ಏರುವವನಾರು? ಪಿಸ್ತೂಲು ಬಳಕೆಗೆ ಬಂದದ್ದು ಕಿಡಿಯನ್ನು ಯಂತ್ರವೇ ಹುಟ್ಟಿಸತೊಡಗಿದ ಮೇಲೆ.

ಉಕ್ಕಿನ ಹಲಗೆ ಸಿಕ್ಕರೆ ಗುರುತು ಸುಲಭ. ಎದ್ದುನಿಂತ ಒಂದು ಮೈ, ಮಲಗಿದ ಇನ್ನೊಂದು ಮೈ. ಎದ್ದ ಮೈಮೇಲೆ ಕಲ್ಲು ಗೀರಿದ ಉದ್ದುದ್ದ ಗೆರೆ, ಮಲಗಿದ ಮೈ ಬಟ್ಟಲಿಗೆ ಮುಚ್ಚಳ. ಗೀರೇ ಇಲ್ಲದಿದ್ದರೆ ಹೆಚ್ಚು ಬಳಸಿಲ್ಲ, ಇಲ್ಲವೇ ತುಕ್ಕು ತಿಂದಿದೆ. ಸ್ಪ್ರಿಂಗುಗಳು ಮಣ್ಣಲ್ಲಿ ಇಡಿಯಾಗಿ ಉಳಿಯುವುದು ಅಪರೂಪ. ಉಳಿದರೆ ಒಂದು ತೋಳು ಉದ್ದ, ತುದಿಯಲ್ಲಿ ಕೊಕ್ಕೆ, ಇನ್ನೊಂದು ತೋಳು ಗಿಡ್ಡ, ಪಕ್ಕದಲ್ಲಿ ಚಿಕ್ಕ ಮೊಳೆ. ಹಳೇ ಬೀಗದ ಸ್ಪ್ರಿಂಗಿಗೆ ಆ ಮೊಳೆ ಇರುವುದಿಲ್ಲ.

ಹಿತ್ತಾಳೆಯ ಭಾಗಗಳು

ನಿಜಕ್ಕೂ ಹೊಲದಲ್ಲಿ ಸಿಗುವುದು ಇವೇ. ಕಬ್ಬಿಣ ಕರಗಿ ಮಣ್ಣಾದರೂ ಹಿತ್ತಾಳೆ ಉಳಿಯುತ್ತದೆ. ಇಲ್ಲಿ ಹೊರಮೈಗಿಂತ ಒಳಮೈ ಹೆಚ್ಚು ಮಾತಾಡುತ್ತದೆ. ಕಣ್ಣಿಗೆ ಕಾಣುವ ಮೈಗೆ ಕೆಲಸಗಾರ ಅರ ಹಾಕಿ ಹೊಳಪು ಕೊಟ್ಟಿರುತ್ತಾನೆ. ಕಟ್ಟಿಗೆಗೆ ತಾಗುವ ಮೈಯನ್ನು ಎರಕದ ಒರಟಿನಲ್ಲೇ ಬಿಟ್ಟಿರುತ್ತಾನೆ, ಯಾರು ನೋಡಬೇಕು ಅದನ್ನು? ಎತ್ತಿನ ಕೊರಳಿನ, ಬಂಡಿಯ ಅಲಂಕಾರದ ಹಿತ್ತಾಳೆ ಸಾಮಾನ್ಯವಾಗಿ ಎರಡೂ ಕಡೆ ನಯ, ಇಲ್ಲವೇ ತೆಳು ತಗಡು.

ಬಿಲ್ಲಿನ ಸುತ್ತಿನ ಕಾವಲುಪಟ್ಟಿ, ಟ್ರಿಗರ್ ಗಾರ್ಡ್, ಮುರಿದೇ ಸಿಗುತ್ತದೆ. ಬಾಗಿದ ಪಟ್ಟಿ, ಎರಡೂ ತುದಿ ಚಪ್ಪಟೆ, ಆದರೆ ಎರಡು ತುದಿ ಒಂದೇ ತರಹ ಇರುವುದಿಲ್ಲ. ಒಳಮೈಯಲ್ಲಿ ಚಿಕ್ಕ ಗುಬಟು, ಅದಕ್ಕೆ ಅಡ್ಡಲಾಗಿ ಪಿನ್ನಿನ ತೂತು. ಈ ಅಡ್ಡತೂತೇ ಮುಖ್ಯ: ಕಟ್ಟಿಗೆಯ ಪಕ್ಕದಿಂದ ಪಿನ್ನು ಹೊಡೆದು ಹಿಡಿದಿಟ್ಟ ಗುರುತು ಅದು. ಪೆಟ್ಟಿಗೆಯ ಹಿಡಿಕೆಯಾದರೆ ಎರಡೂ ತುದಿ ಸಮ, ತೂತು ನೇರ. ಮುಂದಿನ ತುದಿ ಸಾದಾ ದುಂಡಗಿದ್ದರೆ ಸೈನ್ಯದ ಮಾಲು. ಮೊಗ್ಗು, ಕಾಯಿ, ಬಳ್ಳಿ ಎಂದು ಕೆತ್ತನೆಯಿದ್ದರೆ ಖಾಸಗಿಯಾಗಿ ಮಾಡಿಸಿಕೊಂಡದ್ದು.

ಹಿಡಿಯ ತುದಿಯ ಟೊಪ್ಪಿಗೆ, ಬಟ್ ಕ್ಯಾಪ್, ಅಂಗೈಯಲ್ಲಿ ಕೂರುವ ಹಿತ್ತಾಳೆ ಬಟ್ಟಲು. ನಡುವೆ ಸ್ಕ್ರೂ ತೂತು, ಒಳಗೆ ಒರಟು. ದೀಪದ ಬುಡ, ಗಂಟೆಯ ಚಿಪ್ಪು ಎಂದು ಗೊಂದಲವಾಗುವುದು ಇದೇ. ಗಂಟೆಯಾದರೆ ಅಂಚು ಪೂರ್ತಿ ವೃತ್ತ, ಟೊಪ್ಪಿಗೆಯ ಅಂಚು ಹಿಡಿಯ ಆಕಾರಕ್ಕೆ ತಕ್ಕ ಮೊಟ್ಟೆಯಾಕಾರ. ಅಂಚಿನ ಎರಡು ಕಡೆ ಕಿವಿಗಳು ಉದ್ದಕ್ಕೆ ಮೇಲೆ ಏರಿದ್ದರೆ 18ನೇ ಶತಮಾನದ ಮೊದಲ ಭಾಗದ ಪದ್ಧತಿ. ಶತಮಾನ ಮುಂದುವರಿದಂತೆ ಕಿವಿ ಗಿಡ್ಡವಾಗುತ್ತ ಹೋಯಿತು.

ಗಜ ಎಂದರೆ ನಳಿಗೆಯೊಳಗೆ ಮದ್ದು, ಗುಂಡು ಜಡಿಯುವ ಕಡ್ಡಿ. ಅದು ಕೂರುವ ಕೊಳವೆ ಚಿಕ್ಕದು, ಬೆರಳಿನ ಒಂದು ಗೆಣ್ಣಿನಷ್ಟು. ಹೊಟ್ಟೆಗೆ ಅಂಟಿದ ನಾಲಿಗೆ ಇರುತ್ತದೆ, ನಾಲಿಗೆಯಲ್ಲಿ ಪಿನ್ ತೂತು. ನಾಲಿಗೆಯಿಲ್ಲದ ಕೊಳವೆ ಪೆಟ್ರೋಮ್ಯಾಕ್ಸಿನದೋ ಹುಕ್ಕಾದ್ದೋ ಆಗಿರಲಿಕ್ಕೆ ಸಾಕು. ಎರಡು ತೋಳಿನ ಕಬ್ಬಿಣದ ಕೊಂಡಿ, ತೋಳುಗಳ ತುದಿಯಲ್ಲಿ ತೂತು, ನಡುವೆ ಗಜ ಹಾಯುವ ಉಂಗುರ ಕಂಡರೆ ಹುಷಾರಾಗಿ ಎತ್ತಿ. ಕುದುರೆಯ ಮೇಲಿದ್ದವನ ಕೈಯಿಂದ ಗಜ ಜಾರಿ ಬೀಳದಿರಲಿ ಎಂದು ಪಿಸ್ತೂಲಿಗೇ ಜೋಡಿಸಿದ ಕೊಂಡಿ ಅದು, 19ನೇ ಶತಮಾನದ ಆರಂಭದ ಬ್ರಿಟಿಷ್ ಸೈನ್ಯದ ಪಿಸ್ತೂಲುಗಳಲ್ಲಿ ಕಾಣುವಂಥದ್ದು.

ಮುದ್ರೆ

ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ತುಂಡಿನ ಮಟ್ಟಕ್ಕೇ ಇಳಿಸಿ ಅಡ್ಡ ಬೆಳಕು ಹಾಯಿಸಿ. ಹಗಲಿನಲ್ಲಿ ಕಾಣದ ಗೀಟು ಎದ್ದು ಕಾಣುತ್ತದೆ. ತುಂಡು ಗಟ್ಟಿಯಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ.

ಲಾಕ್ ಪ್ಲೇಟಿನ ಮೇಲೆ ಹೃದಯದ ಆಕಾರ, ಅದರೊಳಗೆ ಅಡ್ಡಗೆರೆ ಹಾಕಿ ನಾಲ್ಕು ಇಂಗ್ಲಿಷ್ ಅಕ್ಷರ, ಮೇಲೆ 4ರಂಥ ಗುರುತು ಇದ್ದರೆ ಈಸ್ಟ್ ಇಂಡಿಯಾ ಕಂಪನಿಯ ಹಳೇ ಮುದ್ರೆ. 1808ರ ಸುಮಾರಿಗೆ ಅದರ ಬದಲು ಕಿರೀಟ ಹಿಡಿದು ನಿಂತ ಸಿಂಹ ಬಂತು. ಕಿರೀಟದ ಕೆಳಗೆ ಜಿ.ಆರ್. ಎಂಬ ಅಕ್ಷರ, ಪ್ಲೇಟಿನ ಹಿಂತುದಿಯಲ್ಲಿ ಟವರ್ ಎಂಬ ಪದ ಇದ್ದರೆ ಅದು ಬ್ರಿಟಿಷ್ ದೊರೆಯ ಸೈನ್ಯದ್ದು, ಕಂಪನಿಯದಲ್ಲ. ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ದಂಡ ನಳಿಗೆಯ ಮೇಲಿದ್ದರೆ ನಳಿಗೆಗೆ ಪರೀಕ್ಷೆ ನಡೆದಿದೆ ಎಂಬ ಠಸ್ಸೆ.

ಸಿಂಹ ಕಂಡಿತೆಂದು ಹಿಗ್ಗುವ ಮೊದಲು ಭೂತಗನ್ನಡಿ ಹಿಡಿಯಿರಿ. ಉಕ್ಕಿನ ಠಸ್ಸೆಯಿಂದ ಹೊಡೆದ ಮುದ್ರೆಯ ತಳ ಚೂಪು, ಅಂಚಿನಲ್ಲಿ ಲೋಹ ಸ್ವಲ್ಪ ಉಬ್ಬಿರುತ್ತದೆ. ಪ್ರವಾಸಿಗರಿಗೆ ಮಾರುವ ಶೋಕೇಸ್ ಪಿಸ್ತೂಲುಗಳಲ್ಲಿ ಮುದ್ರೆ ಎರಕದ ಜೊತೆಯೇ ಬಂದಿರುತ್ತದೆ: ಅಂಚು ದುಂಡು, ತಳ ಮೊಂಡು, ಸಿಂಹದ ಕಾಲು ಎಣಿಸಲಾಗದು. ಇಂಥ ಅಲಂಕಾರದ ಮಾಲೂ ಮುರಿದು ತಿಪ್ಪೆ ಸೇರಿ, ಗೊಬ್ಬರದ ಜೊತೆ ಹೊಲಕ್ಕೆ ಬರುತ್ತದೆ. ಸ್ಕ್ರೂ ನೋಡಿ. ಹಳೆಯದರ ತಲೆಯ ಸೀಳು ಇಕ್ಕಟ್ಟು, ಬಹಳ ಸಲ ನಡುವಿಗೆ ಸರಿಯಾಗಿರುವುದಿಲ್ಲ. ತಲೆಯಲ್ಲಿ ಕೂಡುಗುರುತಿನ (+) ಸೀಳಿರುವ ಸ್ಕ್ರೂ ಇದ್ದರೆ ಮಾತು ಮುಗಿಯಿತು, ಅದು ಈಚಿನ ಮಾಲು.

ಯಾರಿಗೆ, ಹೇಗೆ ತಿಳಿಸುವುದು

ಗುಂಡು ಕೂರುವ ಐದಾರು ಕೋಣೆಯ ಸಿಲಿಂಡರು, ಮೇಲೆ ಜಾರುವ ಸ್ಲೈಡು, ಸೀರಿಯಲ್ ನಂಬರು, ವೆಲ್ಡಿಂಗ್ ಗುರುತು, ನೀರಿನ ಪೈಪಿನಿಂದ ಮಾಡಿದ ನಳಿಗೆ, ಇವುಗಳಲ್ಲಿ ಯಾವುದೇ ಕಂಡರೂ ಹವ್ಯಾಸ ಅಲ್ಲಿಗೆ ನಿಲ್ಲಲಿ. ಅದು ನಾಡಪಿಸ್ತೂಲೋ ಯಾವುದೋ ಪ್ರಕರಣದ ಸಾಕ್ಷಿಯೋ ನಿಮಗೆ ಗೊತ್ತಿಲ್ಲ. ಇದ್ದಲ್ಲೇ ಬಿಟ್ಟು ಠಾಣೆಗೆ ಫೋನ್ ಮಾಡಿ. 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಭಾಗವೂ ಆಯುಧವೇ. ಅದೇ ಕಾಯ್ದೆಯ 45ನೇ ಕಲಂ ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ, ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಚಿಲ್ಲರೆ ಭಾಗಗಳಿಗೆ ವಿನಾಯಿತಿ ಕೊಡುತ್ತದೆ. ಹಸಿರುಗಟ್ಟಿದ ಬಟ್ ಕ್ಯಾಪು ಇದರಲ್ಲಿ ಬರುತ್ತದೆ. ಇಡೀ ನಳಿಗೆಯ ಬಗ್ಗೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ನೂರು ವರ್ಷ ದಾಟಿದ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, ಮಣ್ಣಿನಲ್ಲಿ ಅಡಗಿದ್ದ ಬೆಲೆಯುಳ್ಳದ್ದಕ್ಕೆ ನಿಧಿ ಕಾಯ್ದೆ ಇದೆ. ಅಲ್ಲಿ ನಿಧಿ ಎಂದರೆ ಬಂಗಾರ ಮಾತ್ರವಲ್ಲ. ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಬೈಲಹೊಂಗಲ ಕಡೆಯವರಿಗೆ ಕಿತ್ತೂರಿನ ಸಂಗ್ರಹಾಲಯ ಹತ್ತಿರ, ವಿಜಯಪುರದವರಿಗೆ ಗೋಳಗುಮ್ಮಟದ ಮುಂದೆ ನಗಾರಖಾನೆಯಲ್ಲಿರುವ ಕೇಂದ್ರದ ಸಂಗ್ರಹಾಲಯ.

ಪತ್ರದಲ್ಲಿ "ರಾಯಣ್ಣನ ಪಿಸ್ತೂಲು" ಎಂದು ಬರೆಯಬೇಡಿ. ಸರ್ವೆ ನಂಬರು, ಸಿಕ್ಕ ತಾರೀಖು, ಆಳ, ಉದ್ದ ಅಗಲ ಮಿಲಿಮೀಟರಿನಲ್ಲಿ, ತೂಕ, ಆಯಸ್ಕಾಂತ ಅಂಟಿತೋ ಇಲ್ಲವೋ, ತೂತು ಚೌಕವೋ ದುಂಡೋ, ಒಳಮೈ ಒರಟೋ ನಯವೋ, ಮುದ್ರೆ ಇದ್ದರೆ ಅದರ ಪೆನ್ಸಿಲ್ ಪ್ರತಿ ಇಷ್ಟು ಸಾಕು. ಅಳತೆಪಟ್ಟಿ ಪಕ್ಕದಲ್ಲಿಟ್ಟು ಮುಂದೆ, ಹಿಂದೆ, ಎರಡು ಮಗ್ಗುಲು ಎಂದು ನಾಲ್ಕು ಫೋಟೋ ಲಗತ್ತಿಸಿ. ಹಿಂಬದಿಯದನ್ನು ಮರೆಯಬೇಡಿ, ನೋಡುವವರು ಮೊದಲು ಕೇಳುವುದೇ ಅದನ್ನು.